ತಲೆಗೆ ಹತ್ತು ಡಾಲರ್

ಬೆಂಕಿ ನಂದಿಸುವ ಬಂಡಿಯನ್ನು ಹೊರಗೆ ಹಿಮದಲ್ಲಿ ನಿಲ್ಲಿಸಿ
ಅದರ ಜಾಗದಲ್ಲಿ ಮೇಜು ಹಾಕಿದ್ದೇವೆ.
ಕಾಕಂಬಿಯಲ್ಲಿ ರಾತ್ರಿಯಿಡೀ ಬೆಂದ ಬೀನ್ಸು,
ಕಂದು ಬ್ರೆಡ್ಡು, ಕೋಸಿನ ಕೋಸಂಬರಿ,
ಲಿಯೋನಾ ಒಬ್ಬಳೇ ತಂದ ಹನ್ನೊಂದು ಪೈ.
ಬಾಗಿಲಲ್ಲಿ ನಾನು, ನನ್ನ ಮುಂದೆ ಕಾಫಿಪುಡಿಯ ಡಬ್ಬಿ,
ಡಬ್ಬಿಗೆ ಅಂಟಿಸಿದ ಎಲ್ವುಡ್‌ನ ಫೋಟೋ:
ಕೈಯಲ್ಲಿ ಮೀನು,
ಮುಖದಲ್ಲಿ ಇನ್ನೂ ರಕ್ತವಿದ್ದ ಕಾಲದ್ದು.

ತಲೆಗೆ ಹತ್ತು ಡಾಲರ್. ಮಕ್ಕಳಿಗೆ ಐದು.
ಹೆಚ್ಚು ಹಾಕಿದರೆ ಬೇಡವೆನ್ನುವುದಿಲ್ಲ.

ಎಲ್ವುಡ್‌ಗೆ ವಿಮೆ ಇಲ್ಲವೆಂದಲ್ಲ.
ಇದೆ. ಕಾರ್ಡೂ ಇದೆ, ಪರ್ಸಿನಲ್ಲಿ, ಹೆಂಡತಿಯ ಚಿತ್ರದ ಹಿಂದೆ.
ಮೊದಲ ಒಂಬತ್ತು ಸಾವಿರ ನಿನ್ನದು,
ಆಮೇಲಿನದು ನಮ್ಮದು ಅನ್ನುತ್ತದೆ ಅದು.
ಆಮೇಲೆ ಎಂಬುದು ಎಲ್ಲಿ ಶುರುವಾಗುತ್ತದೆಂದು
ಫೋನಿನಲ್ಲಿ ನಲವತ್ತು ನಿಮಿಷ ಪಿಟೀಲು ಕೇಳಿಸಿಕೊಂಡರೂ
ಯಾರೂ ಹೇಳಲಿಲ್ಲ.
ಹನ್ನೆರಡು ವರ್ಷ ಸುಂಕ ಕಟ್ಟಿದ ಸೇತುವೆ
ನಡುಹೊಳೆಯಲ್ಲಿ ಶುರುವಾಗುತ್ತದಂತೆ.
ಅಲ್ಲಿಯವರೆಗೆ ಈಜಬೇಕು,
ಎರಡೂ ಮೂತ್ರಪಿಂಡ ಕೈಕೊಟ್ಟವನು.

ಈ ಜನವರಿ ಎಲ್ಲರ ಮನೆಗೂ ಕಾಗದ ಬಂದಿದೆ.
ದಪ್ಪ ಲಕೋಟೆ, ನಗುವ ಕುಟುಂಬದ ಚಿತ್ರ,
ಒಳಗೆ ಹೊಸ ಕಂತು.
ಲಿಯೋನಾಗೆ ಮನೆಯ ಸಾಲಕ್ಕಿಂತ ಅದೇ ಹೆಚ್ಚು.
ಮೂಗಿಗಿಂತ ಮೂಗುತಿ ಭಾರ,
ಬಿಚ್ಚಿಟ್ಟರೆ ಭಯ.

ಎರಡನೇ ಮೇಜಿನಲ್ಲಿ ಆಗಲೇ ಶುರುವಾಗಿತ್ತು.
ರೋಸೇರ್ ಚಮಚದಿಂದ ಕಿಟಕಿ ತೋರಿಸಿದ.
ಹೊಳೆಯಾಚೆ ಕೆನಡಾದ ದೀಪಗಳು,
ಕಲ್ಲೆಸೆದರೆ ಬೀಳುವಷ್ಟು ಹತ್ತಿರ.
"ಅಲ್ಲಿ ಯಾರೂ ಬೀನ್ಸ್ ಬೇಯಿಸಿ ಕಿಡ್ನಿ ಉಳಿಸುವುದಿಲ್ಲ."
ಅವನ ತಮ್ಮ ನಾರ್ಮಂಡ್ ಬ್ರೆಡ್ಡು ಮುರಿಯುತ್ತ,
"ಅತ್ತೆಮಗಳು ಫೆರ್ನಾಂದ್ ಮಂಡಿಗಾಗಿ
ಹದಿನಾಲ್ಕು ತಿಂಗಳು ಕಾದಳು, ಅದನ್ನೂ ಹೇಳು."
"ಕಾದಳು. ಟ್ರಕ್ ಮಾರಲಿಲ್ಲ."
"ರಸ್ತೆಯ ಹಿಮ ಬಾಚಲಾಗದ ಸರ್ಕಾರ
ನನ್ನ ಹೊಟ್ಟೆ ಕೊಯ್ಯುತ್ತದಾ?"
"ನಿನ್ನ ಕೊಟ್ಟಿಗೆ ಹೊತ್ತಿಕೊಂಡಾಗ
ಹೊರಗಿರುವ ಆ ಬಂಡಿ ಕಾರ್ಡು ಕೇಳಿತಾ?"
"ಬಂಡಿ ಬರುವಷ್ಟರಲ್ಲಿ ಕೊಟ್ಟಿಗೆ ಬೂದಿಯಾಗಿತ್ತು."

ಸುತ್ತಲಿದ್ದವರು ನಕ್ಕರು.
ರೋಸೇರ್ ನಗಲಿಲ್ಲ.
ಯಾರೋ ಉಪ್ಪು ಕೇಳಿದರು.
ರಾಜಧಾನಿಯಲ್ಲಿ ಇದೇ ಮಾತನ್ನು
ಕೋಟು ಹಾಕಿಕೊಂಡು ಆಡುತ್ತಾರೆ, ನಮ್ಮ ಹೆಸರು ಹೇಳಿ.
ಆಡಿ ಮುಗಿದ ಮೇಲೆ ತಟ್ಟೆ ತೊಳೆಯುವುದಿಲ್ಲ,
ಅಷ್ಟೇ ವ್ಯತ್ಯಾಸ.

ಎಲ್ವುಡ್ ಬಂದಿರಲಿಲ್ಲ. ಡಯಾಲಿಸಿಸ್ ದಿನ.
ಹೆಂಡತಿ ಬಂದಿದ್ದಳು,
ಪ್ರತಿ ಮೇಜಿನ ಹತ್ತಿರ ಹೋಗಿ ಥ್ಯಾಂಕ್ಸ್ ಹೇಳಿದಳು,
ಯಾರದೋ ವಸ್ತು ಒಡೆದುಹಾಕಿದವಳ ಹಾಗೆ.
ಅವಳ ತಟ್ಟೆಯ ಊಟ ಹಾಗೇ ಇತ್ತು.

ಎಂಟೂವರೆಗೆ ಡಬ್ಬಿ ಸುರಿದು ಎಣಿಸಿದೆ.
ಎರಡು ಸಾವಿರದ ಮುನ್ನೂರ ಹದಿನಾಲ್ಕು ಡಾಲರ್,
ಒಂದು ಕೆನಡಾದ ನಾಣ್ಯ, ಒಂದು ಗುಂಡಿ.
ಆಸ್ಪತ್ರೆಯ ಬಿಲ್ಲು ನಲವತ್ತೊಂದು ಸಾವಿರ.
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ಆದರೂ ಮತ್ತೆ ಎಣಿಸಿದೆ,
ಎಣಿಕೆಯಲ್ಲಿ ತಪ್ಪಿದ್ದೇನೆಯೇನೋ ಎಂಬ ಆಸೆಗೆ.

ನಾರ್ಮಂಡ್ ಕೊನೆಯವನಾಗಿ ಹೊರಟ.
ಮೇಜುಗಳನ್ನು ಮಡಚಿಟ್ಟ, ಕುರ್ಚಿ ಜೋಡಿಸಿದ,
ಟೋಪಿ ಹಾಕಿದ, ತೆಗೆದ.
"ಏಪ್ರಿಲಿನಲ್ಲಿ ಯಾವ ಶನಿವಾರ ಖಾಲಿ ಇದೆ?"
ಗೋಡೆಯ ಕ್ಯಾಲೆಂಡರ್ ತಿರುವಿದೆ.
ಮೂರು ಆಗಲೇ ತುಂಬಿದ್ದವು, ಮೂರು ಹೆಸರು, ಮೂರು ರೋಗ.
"ಕೊನೆಯದೊಂದಿದೆ. ಯಾರಿಗೆ?"

ಅವನು ಜಿಪ್ ಮೇಲಕ್ಕೆಳೆದುಕೊಂಡ, ಗಂಟಲವರೆಗೆ.
"ಕಾಗದ ಬಂತಲ್ಲ, ಆವತ್ತೇ ವಿಮೆ ಬಿಟ್ಟೆ," ಎಂದ.
"ಹನ್ನೊಂದು ದಿನಕ್ಕೆ ಗಂಟು ಸಿಕ್ಕಿತು.
ರೋಸೇರ್‌ಗೆ ಹೇಳಬೇಡ.
ಅವನು ಗೆದ್ದೆ ಅಂದುಕೊಳ್ಳುತ್ತಾನೆ."

ಪೆನ್ಸಿಲ್ಲಿನಲ್ಲಿ ಸಣ್ಣದೊಂದು ಗೆರೆ ಎಳೆದೆ, ಹೆಸರು ಬರೆಯಲಿಲ್ಲ.
ಹೊರಗೆ ಬಂಡಿಯ ಗಾಜಿನ ಹಿಮವನ್ನು
ರೋಸೇರ್ ಬರಿಗೈಯಲ್ಲಿ ಒರೆಸುತ್ತಿದ್ದ,
ತಮ್ಮನಿಗಾಗಿ ಕಾರು ಚಾಲೂ ಇಟ್ಟು.