ಔಸಜ

ಇಬ್ರಿಯಲ್ಲಿ, ಅಂಗಡಿಯ ಹಿಂದೆ,
ಎ.ಸಿ. ನೀರು ತೊಟ್ಟಿಕ್ಕುವ ಎರಡು ಮೊಳ ಜಾಗ,
ಅದೇ ನನ್ನ ತೋಟ.
ಬಸಳೆ ಮೇ ತಿಂಗಳಲ್ಲಿ ನಿಂತಲ್ಲೇ ಬೆಂದಿತು.
ಮಲ್ಲಿಗೆ ಮೂರು ಸಲ ಸತ್ತಿತು;
ಮೂರನೆಯ ಸಲ ಅಳತೆಪಟ್ಟಿ ಕೊರಳಲ್ಲಿದ್ದಂತೆಯೇ
ಕಿತ್ತು ಎಸೆದೆ.

ಖಲ್ಫಾನನ ತಾಯಿ ತಂದಳು
ಮಗನ ದಿಶ್ದಾಶದ ಜೊತೆ
ಒದ್ದೆ ಬಟ್ಟೆಯಲ್ಲಿ ಸುತ್ತಿದ ಮುಳ್ಳುಕಡ್ಡಿ:
"ತೋಳು ಸಡಿಲ ಮಾಡು. ಇದು ಔಸಜ,
ನಮ್ಮ ವಾದಿಯದು. ಊರು."

ಊರುವುದಕ್ಕೂ ಊರಿಗೂ ನಮ್ಮಲ್ಲಿ ಒಂದೇ ಮಾತು.
ಅವಳಿಗದನ್ನು ಹೇಳುವಷ್ಟು ಅರಬಿ ನನಗಿಲ್ಲ.

ದಿನಾ ನೀರು ಹೊಯ್ದೆ. ಎಲೆ ಹಳದಿಯಾಯಿತು.
ಬೈದಳು: "ಶ್ವಯ್ಯ, ಶ್ವಯ್ಯ!
ತೊಟ್ಟಿಲ ಕೂಸಲ್ಲ ಇದು, ಸ್ವಲ್ಪ ಮರೆ."
ಮರೆಯಲು ಕಷ್ಟಪಟ್ಟೆ.
ಬಕೆಟ್ಟನ್ನು ಕಣ್ಣಿಗೆ ಬೀಳದ ಕಡೆ ಸರಿಸಿದೆ.
ಈದ್ ಬಂತು, ನಿದ್ದೆಗೆಟ್ಟು
ನಲವತ್ತು ದಿಶ್ದಾಶ ಹೊಲಿದೆ,
ನಿಜಕ್ಕೂ ಮರೆತೆ.

ಮೂರನೆಯ ಚಳಿಗಾಲ.
ಸೊಂಟದೆತ್ತರ, ಒಳಗೆಲ್ಲ ಮುಳ್ಳು,
ಮುಳ್ಳಿನ ಸಂದಿಯಲ್ಲಿ ಮೆಣಸುಕಾಳಿನಷ್ಟು ಕೆಂಪು.
ಸೂಜಿಗೆ ಪಳಗಿದ ಬೆರಳಿಗೂ ಚುಚ್ಚಿತು;
ಅಂಗುಸ್ತಾನ ಮೇಜಿನ ಮೇಲೇ ಉಳಿದಿತ್ತು.
ಎಂಟು ಎಣಿಸಿ ಮಲಗಿದೆ.
ಬೆಳಿಗ್ಗೆ ನೋಡಿದರೆ ಬಿಳಿ ಕೆನ್ನೆಯ ಪಿಕಳಾರ
ಏಳು ನುಂಗಿ ತಂತಿಯ ಮೇಲೆ ಕೂತು
ನನ್ನನ್ನೇ ಗದರಿಸುತ್ತಿದೆ.

ಉಳಿದೊಂದನ್ನು ಬಾಯಿಗಿಟ್ಟೆ.
ಗಣಿಕೆ ಹಣ್ಣಿನದೇ ರುಚಿ, ದೂರದ ಸಂಬಂಧ:
ಅರ್ಧ ಸಿಹಿ, ಕೊನೆಗೆ ಚೂರು ಕಹಿ.
ಬೀಜವನ್ನು ಗೋಡೆಯ ಬುಡಕ್ಕೆ ಉಗುಳಿ
ಒಳಗೆ ಬಂದೆ, ಲೈಟು ಹಾಕಿದೆ.
ಖಲ್ಫಾನನ ಹೊಸ ಬಟ್ಟೆ ಕಾಯುತ್ತಿತ್ತು.
ತೋಳಿನ ಅಂಚಿಗೆ, ಅವಳು ಹೇಳದೆಯೂ,
ಎರಡು ಬೆರಳು ಹೆಚ್ಚಿಗೆ ಮಡಚಿದೆ.
ಹುಡುಗ ಬೆಳೆಯುತ್ತಿದ್ದಾನೆ.