ಸಾರಂಗ

ಮೂವತ್ತೊಂದು ವರ್ಷದಿಂದ ಕುಪ್ಯ ಹೊಲಿದವನು ನಾನು.
ಬಿಳಿಯದು ಮದುವಣಿಗನಿಗೆ, ಕರಿಯದು ಉಳಿದವರಿಗೆ.
ಸಿದ್ದಾಪುರದ ಗಂಡಸರ ಹೆಗಲು ನನಗೆ ಬಾಯಿಪಾಠ.
ಯಾರ ಎಡಭುಜ ಇಳಿದಿದೆ,
ಯಾರು ಉಸಿರು ಹಿಡಿದು ಹೊಟ್ಟೆಯಿಂದ ಸುಳ್ಳು ಹೇಳಿಸಿದರು,
ಎಲ್ಲ ಈ ಟೇಪಿಗೆ ಗೊತ್ತು.

ಮಾರ್ಚಿಯಲ್ಲಿ ಒಂದು ದಿನ, ಕೋಳಿ ಅಂಗಡಿ ಪಕ್ಕದ ಮೆಟ್ಟಿಲು ಹತ್ತಿ
ಐದು ಹುಡುಗಿಯರು ಬಂದರು.
ಮುಂದೆ ಪೂವಿ, ರೈಟರ್ ಬೆಳ್ಯಪ್ಪನವರ ಮಗಳು.
ಆಮೇಲೆ ರಿಶಾನಾ, ಪುನೀತಾ, ಜೆಸಿಂತಾ.
ಕೊನೆಗೆ ಜುನ್‌ಮಣಿ, ಅಸ್ಸಾಮಿನವರ ಲೈನಿನಿಂದ.
ಚಪ್ಪಲಿ ಹೊರಗೆ ಬಿಟ್ಟವಳು ಅವಳೊಬ್ಬಳೇ.

ಫೋನು ಮೂಗಿಗೆ ಹಿಡಿದರು. ಏಳು ಹುಡುಗರು.
ಒಬ್ಬನ ತಲೆ ಮಾಗಿದ ಕಿತ್ತಳೆ, ಒಬ್ಬನದು ಹಸಿಮೆಣಸು,
ಮೀಸೆಯ ಸುಳಿವು ಯಾರಲ್ಲೂ ಇಲ್ಲ.
ತೊಟ್ಟದ್ದು ಕರಿ ಕೋಟು, ಸೊಂಟಕ್ಕೆ ಕೆಂಪು ಪಟ್ಟಿ.
ಕನ್ನಡಕ ಏರಿಸಿದೆ.
ಇದು ಕುಪ್ಯವಲ್ಲವೇ ಮಕ್ಕಳೇ, ಇದು ಚೇಲೆ,
ಪೀಚೆಕತ್ತಿ ಒಂದು ಕಮ್ಮಿ.
ಕೊರಿಯಾ ಅಂಕಲ್, ಅಂದಳು ಪೂವಿ,
ಇಡೀ ಲೋಕವೇ ಇವರ ಹಿಂದೆ ಬಿದ್ದಿದೆ.
ಇಡೀ ಲೋಕದ ಅಳತೆ ನನ್ನ ಹತ್ತಿರ ಇಲ್ಲ,
ನಿಮ್ಮದು ಕೊಡಿ, ಅಂದೆ.

ಮೈಸೂರಿನಲ್ಲಿ ಸ್ಪರ್ಧೆಯಂತೆ.
ತಂಡದ ಹೆಸರು ಬೆನ್ನ ಮೇಲೆ ಬೇಕಂತೆ.
ಏನು ಹೆಸರು?
ಐವರೂ ಒಂದೇ ಉಸಿರಿಗೆ: ಸಾರಂಗ್.
ಬರೆದುಕೊಂಡೆ. ಬೆನ್ನಿಗೆ ಸಾರಂಗ, ಐದು.

ತೋಳು ಎಷ್ಟು ಎತ್ತುತ್ತಾರೆ ನೋಡದೆ ಕಂಕುಳು ಕತ್ತರಿಸಲಾರೆ.
ಹಾಗಾಗಿ ಕಣಕ್ಕೆ ಹೋದೆ.
ಕಾಫಿ ಆಗಲೇ ಲಾರಿ ಹತ್ತಿತ್ತು,
ಬರಿದಾದ ಸಿಮೆಂಟು, ಮೂಲೆಯಲ್ಲಿ ಸಿಪ್ಪೆಯ ವಾಸನೆ,
ನಡುವೆ ಹತ್ತು ಕಾಲು.
ಲೆಕ್ಕ ಹಾಕುವವಳು ಜುನ್‌ಮಣಿ:
ಏಕ್, ದುಯಿ, ತಿನಿ, ಸಾರಿ.
ಅವಳು ನಾಲ್ಕಕ್ಕೆ ಸಾರಿ ಅಂದಾಗಲೆಲ್ಲ
ಪುನೀತಾ ಯಾರದೋ ಕಾಲು ತುಳಿದು
ನಿಜವಾಗಿ ಸಾರಿ ಅನ್ನುವಳು.

ರಿಶಾನಾಳ ನೋಟುಬುಕ್ಕಿನಲ್ಲಿ ಹಾಡುಗಳು,
ಕೊರಿಯಾದ ಮಾತಿಗೆ ನಮ್ಮ ಕೊಂಬು, ನಮ್ಮ ಒತ್ತು, ನಮ್ಮ ದೀರ್ಘ.
ಅರ್ಥ ಗೊತ್ತೇ ಎಂದರೆ
ಅರ್ಧ, ಅಂದಳು.
ನಮ್ಮ ಕೊಡವ ತಕ್ಕನ್ನೂ ಹೀಗೇ ಬರೆಯುತ್ತೇವಲ್ಲ, ಪೂವಿ ಅಂದಳು,
ನಿಮ್ಮ ಅಕ್ಷರ ಕೈಸಾಲ ಇಸಿದುಕೊಂಡು.
ಅದಕ್ಕೆ ನಾನು ಏನೂ ಹೇಳಲಿಲ್ಲ.
ಐದೂವರೆಗೆ ವಾಚರ್ ಸೀಟಿ ಊದಿದ.
ಮೇಲಿನ ಬ್ಲಾಕಿನಲ್ಲಿ ಆನೆ, ಮರಿ ಸಮೇತ.
ಹಾಡು ಅರ್ಧಕ್ಕೆ ನಿಂತಿತು,
ಒಬ್ಬಳ ಕೈ ಇನ್ನೂ ಮೇಲೇ ಇತ್ತು.

ಮೂರು ರಾತ್ರಿ ಕೂತೆ.
ಕುಪ್ಯದ ಉಳಿದ ತಾನು, ಜರಿಯ ದಾರ.
ಐದು ಬೆನ್ನಿಗೆ ಐದು ಸಾರಂಗ,
ಕವಲು ಕೊಂಬು, ಎತ್ತಿದ ಮುಂಗಾಲು,
ಒಂದರ ಕಣ್ಣು ಮಾತ್ರ ಸ್ವಲ್ಪ ಓರೆ, ಕರೆಂಟು ಹೋಗಿತ್ತು.

ಟ್ರಯಲ್ಲಿಗೆ ಬಂದವರು ಮಾತೇ ಆಡಲಿಲ್ಲ.
ಜೆಸಿಂತಾ ಗೋಡೆಗೆ ಮುಖ ಮಾಡಿ ನಿಂತಳು,
ಹೆಗಲು ಕುಲುಕುತ್ತಿತ್ತು. ಅಳುವೋ ನಗುವೋ
ಬೆನ್ನಿನಿಂದ ತಿಳಿಯದು, ಇಷ್ಟು ವರ್ಷದ ಮೇಲೂ.
ಅಂಕಲ್, ಪೂವಿ ಮೆಲ್ಲಗೆ,
ಸಾರಂಗ್ ಅಂದರೆ ಅವರಲ್ಲಿ ಪ್ರೀತಿ.

ಬಿಚ್ಚಿಕೊಡುತ್ತೇನೆ, ಅಂದೆ.
ತೂತು ಉಳಿಯುತ್ತದೆ, ಅದನ್ನೂ ಅಂದೆ.

ಅಷ್ಟರಲ್ಲಿ ಜುನ್‌ಮಣಿ ತೊಟ್ಟಾಗಿತ್ತು.
ಓರೆಗಣ್ಣಿನದೇ ಅವಳಿಗೆ ಸಿಕ್ಕಿತ್ತು.
ಕನ್ನಡಿಗೆ ಬೆನ್ನು ಕೊಟ್ಟು, ಕತ್ತು ತಿರುಗಿಸಿ,
ತನ್ನ ಹಿಂದೆ ಯಾರೋ ಬಂದಿದ್ದಾರೆಂಬಂತೆ ನೋಡಿದಳು.
ಇರಲಿ, ಅಂದಳು.
ನನ್ನ ಅಂಗಡಿಯಲ್ಲಿ ಅವಳಾಡಿದ ಮೊದಲ ಕನ್ನಡ.

ಮೈಸೂರಿನಲ್ಲಿ ಒಂಬತ್ತನೆಯ ಸ್ಥಾನ ಬಂತು.
ಹನ್ನೊಂದು ತಂಡ ಇದ್ದವಂತೆ.

ಮೇ ತಿಂಗಳಲ್ಲಿ ಲೈನು ಖಾಲಿಯಾಯಿತು,
ರೈಲಿನಲ್ಲಿ ಕೋಟೂ ಹೋಯಿತು.
ಈಗ ಪೆಡಲು ತುಳಿದರೆ ಕಾಲು ತಾನಾಗಿ
ಏಕ್, ದುಯಿ ಅನ್ನುತ್ತದೆ; ಹೊಲಿಗೆ ಕೆಡುತ್ತದೆ.
ಅಳತೆ ಪುಸ್ತಕದಲ್ಲಿ ಅವಳ ಪುಟ ಹಾಗೇ ಇದೆ:
ಎದೆ ಮೂವತ್ತು, ತೋಳು ಇಪ್ಪತ್ತೊಂದು,
ಬಾಕಿ ನೂರೈವತ್ತು. ಪಕ್ಕದಲ್ಲಿ ಸಾರಂಗ.
ನಿನ್ನೆ ಕುಪ್ಯಕ್ಕೆ ಅಳತೆ ಕೊಡಲು ಬಂದ ಹುಡುಗ
ಬೆರಳಿಟ್ಟು ಕೇಳಿದ, ಇದೇನು?
ಜಿಂಕೆ, ಅಂದೆ.
ಕೈ ಅಗಲಿಸು, ಉಸಿರು ಬಿಡು.