ಚೀಟಿ ಎಲ್ಲಿ ಕಟ್ಟುವುದು

ಗೋಣಿಕೊಪ್ಪಲಿನ ಕಾಫಿ ಡಿಪೋದ ಮಾಳಿಗೆ.
ಕೆಳಗೆ ಮೊಯ್ದು ಚೀಲ ತೂಗುತ್ತಾನೆ, ಹೊಲಿಯುತ್ತಾನೆ.
ಮೇಲೆ ನಾನೊಂದು ಫೈಲ್ ಸಿಸ್ಟಮ್ಮಿಗೆ ಪಾಯ ತೋಡುತ್ತಿದ್ದೇನೆ.

ಫೈಲು ಅಂದರೆ ಒಂದು ಹೆಸರು, ಒಂದು ಹೊಟ್ಟೆ,
ಅಷ್ಟೇ ಅಂದುಕೊಂಡಿದ್ದೆ ಇಷ್ಟು ದಿನ.
ಹಾಗಾದರೆ ಯಾರ ತೋಟದ್ದು, ತೇವ ಎಷ್ಟು,
ಯಾರು ಮೂಸಿ ನೋಡಿ ಹೂಂ ಅಂದರು,
ಇವನ್ನೆಲ್ಲ ಎಲ್ಲಿಡಲಿ?
ಬೀಜದೊಳಗೆ ಬೆರೆಸಿದರೆ
ಹುರಿಯುವವನ ಬಾಣಲೆಗೆ ಕಾಗದ ಬೀಳುತ್ತದೆ.
ಹೆಸರಿಗೇ ಪೋಣಿಸಿದರೆ
ಹೆಸರಿಗೆ ಬಾಲ ಬೆಳೆದು ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ.

ಮೊಯ್ದುವನ್ನೇ ಕೇಳಿದೆ.
ದಬ್ಬಳ ಹಲ್ಲಲ್ಲಿ ಕಚ್ಚಿಕೊಂಡೇ ಅಂದ:
"ಎರಡಕ್ಷರವಾದರೆ ಚೀಲದ ಮೈಮೇಲೆ, ಬಣ್ಣದಲ್ಲಿ.
ಎರಡು ಸಾಲಾದರೆ ಚೀಟಿ, ಹೊಲಿಗೆಯ ಮಡಿಕೆಗೆ.
ಕತೆಯೇ ಇದ್ದರೆ
ಬೇರೆ ಚೀಲ ತನ್ನಿ ಸಾರ್."

ಹಾಗೆಯೇ ಬರೆದುಕೊಂಡೆ:
ಕಿರಿದು ಇನೋಡಿನ ಮೈಯಲ್ಲೇ,
ಮಿಕ್ಕಿದ್ದಕ್ಕೆ ಪಕ್ಕದಲ್ಲೊಂದು ಬ್ಲಾಕು,
ಉದ್ದದ್ದಕ್ಕೆ ತನ್ನದೇ ಹರಿವು, ಕೋಲನ್ನಿನಾಚೆ ತನ್ನದೇ ಹೆಸರು.

ತಕರಾರು ಆಮೇಲೆ ಶುರು.
ಆ ಹರಿವೂ ಚೀಟಿ ಬೇಕು ಅಂದರೆ? ಚೀಟಿಗೊಂದು ಚೀಟಿ?
ಬೇಡ, ಒಂದೇ ಆಳ ಸಾಕು.
ಮತ್ತೆ, ತೂಕ ಕೇಳಿದಾಗ ಹರಿವನ್ನೂ ಎಣಿಸಬೇಕೆ?
ಎಣಿಸದಿದ್ದರೆ ಐವತ್ತು ಕಿಲೋ ಚೀಲದಲ್ಲಿ
ತಿತಿಮತಿ ಕಾಡಿನ ಆನೆಯನ್ನೇ ಬಚ್ಚಿಡಬಹುದು,
ತಕ್ಕಡಿ ಮಿಸುಕುವುದಿಲ್ಲ.

ನಿನ್ನೆ ಪರೀಕ್ಷೆ. ರುಚಿ ನೋಡುವ ಚೋಂದಮ್ಮ
ಮೂವತ್ತು ಮಾದರಿಗೂ ಒಂದೊಂದು ಮಾತು ಅಂಟಿಸಿ,
ಪೆನ್‌ಡ್ರೈವಿಗೆ ತುಂಬಿಕೊಂಡು ಸಿದ್ದಾಪುರಕ್ಕೆ ಹೋದರು.
ಸಂಜೆ ಫೋನು: ಫೈಲೆಲ್ಲ ಇದೆ,
ಒಂದು ಬೈಟೂ ಕಮ್ಮಿಯಿಲ್ಲ, ಮಾತೊಂದೂ ಇಲ್ಲ.
ಹನ್ನೆರಡನೆಯದಕ್ಕೆ ಅವರು ಬರೆದಿದ್ದು:
"ಕೊನೆಗೆ ಹುಳಿ ತಟ್ಟುತ್ತದೆ, ಯಾರಿಗೂ ಹೇಳಬೇಡಿ."
ಹಳೆಯ ಪೆನ್‌ಡ್ರೈವು, ಹೇಳಲಿಲ್ಲ.

ರಾತ್ರಿ ಕೂತು ಒಂದು ಸಾಲು ಸೇರಿಸಿದೆ:
ಹೋಗುವ ಕಡೆ ಚೀಟಿಗೆ ಜಾಗವಿಲ್ಲದಿದ್ದರೆ
ನಕಲು ಅಲ್ಲೇ ನಿಂತು ಕೂಗಲಿ.
ಕೂಗಿದರೆ ಬೈಯುತ್ತಾರೆ, ಗೊತ್ತು.
ಸುಮ್ಮನೆ ಕಳೆದರೆ ಬೈಯುವವರೂ ಇರುವುದಿಲ್ಲ.

ಕೆಳಗಿಳಿದಾಗ ಮೊಯ್ದು ನೆಲ ಗುಡಿಸುತ್ತಿದ್ದ.
ಸಿಪ್ಪೆ, ಸೆಣಬಿನ ದಾರ, ಒಂದು ಚೀಟಿ.
"ತೇವ ಹನ್ನೊಂದು. ಮೇಲಿನ ಕಣದ್ದು."
ಯಾವ ಚೀಲದ್ದು?
ಲಾರಿಗಳು ಹುಣಸೂರು ದಾಟಿರಬೇಕು, ಅಂದ.
ಬಿಸಾಡಲು ಕೈಬರಲಿಲ್ಲ ಅವನಿಗೂ.
ಈಗದು ನನ್ನ ಕೀಬೋರ್ಡಿನ ಕೆಳಗಿದೆ,
ಸ್ಪೇಸ್ ಒತ್ತಿದಾಗಲೆಲ್ಲ
ಸಣ್ಣಗೆ ಸದ್ದು ಮಾಡುತ್ತದೆ.